ಹಗುರವಾದ ಬೇಸ್ ಪೆಟ್ಟಿಗೆಯನ್ನು ಮನೆಯಲ್ಲೇ ಕಟ್ಟುವುದು ಹೇಗೆ?

ಗಣೇಶೋತ್ಸವಕ್ಕೆ ಇನ್ನು ಕೆಲವೇ ವಾರ. ಅದಾದ ಮೇಲೆ ನವರಾತ್ರಿ, ಆಮೇಲೆ ರಾಜ್ಯೋತ್ಸವ, ಸಂಘಗಳ ವಾರ್ಷಿಕೋತ್ಸವ. ಮುಂಬೈಯ ಸಣ್ಣ ಸಣ್ಣ ಕನ್ನಡ ವಾದ್ಯತಂಡಗಳಿಗೆ ಇದೇ ಸೀಸನ್. ಡೊಂಬಿವಲಿಯ ನಮ್ಮ ಬಿಲ್ಡಿಂಗ್‌ನಲ್ಲಿ ಈ ವರ್ಷ ಇಬ್ಬರು ಹುಡುಗರು ಬೇಸ್ ಗಿಟಾರ್ ಹಿಡಿದಿದ್ದಾರೆ. ಗಿಟಾರ್ ಬಂತು, ಸಣ್ಣ ಆಂಪ್ಲಿಫೈಯರ್ ಬಂತು. ಈಗ ಸ್ಪೀಕರ್ ಪೆಟ್ಟಿಗೆ ಬೇಕು. ಅಂಗಡಿಯಲ್ಲಿ ಬೆಲೆ ಕೇಳಿ ಬಂದವನು ನನ್ನ ಹತ್ತಿರ ಕೇಳಿದ: "ಮಾಮ, ಒಂದು ಸ್ಪೀಕರ್ ತಂದು ಪ್ಲೈವುಡ್ ಡಬ್ಬದಲ್ಲಿ ಕೂರಿಸಿದ್ರೆ ಆಗಲ್ವಾ?"

ಆಗುತ್ತದೆ. ಚೆನ್ನಾಗಿಯೇ ಆಗುತ್ತದೆ. ಆದರೆ ಯಾವುದೋ ಸ್ಪೀಕರ್, ಯಾವುದೋ ಅಳತೆ ಅಂತ ಸುಮ್ನೆ ಕಟ್ಟಿದರೆ ದುಡ್ಡೂ ಹೋಗುತ್ತದೆ, ಬೇಸ್ ಕೂಡ ಬರುವುದಿಲ್ಲ. ಇನ್ನೊಂದು ಮಾತು ತೂಕದ್ದು. ಲಿಫ್ಟ್ ಇಲ್ಲದ ಮೂರನೇ ಮಹಡಿಯಿಂದ ಪೆಟ್ಟಿಗೆ ಇಳಿಸಿ, ರಿಕ್ಷಾದಲ್ಲಿ ಸ್ಟೇಷನ್ನಿಗೆ ತಂದು, ಸೇತುವೆ ಹತ್ತಿ, ಲೋಕಲ್‌ನ ಲಗೇಜ್ ಡಬ್ಬಿಗೆ ಏರಿಸಿ, ದಾದರ್‌ನಲ್ಲಿ ಇಳಿದು ಮಾಟುಂಗಾದ ಸಭಾಗೃಹಕ್ಕೆ ಒಯ್ಯಬೇಕಾದವರಿಗೆ ಹತ್ತು ಕಿಲೋ ಕಡಿಮೆ ಆಗುವುದು ಎಂದರೆ ಏನು ಅಂತ ಹೇಳಬೇಕಾಗಿಲ್ಲ. ಆ ಹುಡುಗನಿಗೆ ಎರಡು ಸಂಜೆ ಕೂತು ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಬೇಸ್ ಗಿಟಾರ್ ಗೊತ್ತಿಲ್ಲದವರಿಗೂ ಅರ್ಥವಾಗಲಿ ಅಂತ ಮೊದಲಿನಿಂದ ಶುರು ಮಾಡುತ್ತೇನೆ.

ಮೊದಲು, ಬೇಸ್ ಅಂದರೆ ಎಷ್ಟು ಕೆಳಗಿನ ಸ್ವರ?

ತಂತಿ ಒಂದು ಸೆಕೆಂಡಿಗೆ ಎಷ್ಟು ಸಲ ಅಲುಗುತ್ತದೋ ಅದನ್ನು ಹರ್ಟ್ಸ್ ಎಂಬ ಲೆಕ್ಕದಲ್ಲಿ ಹೇಳುತ್ತಾರೆ. ಹೆಚ್ಚು ಅಲುಗಿದರೆ ಕೀಚಲು, ಕಡಿಮೆ ಅಲುಗಿದರೆ ಗಡಸು. ನಾಲ್ಕು ತಂತಿಯ ಬೇಸ್ ಗಿಟಾರ್‌ನಲ್ಲಿ ಎಲ್ಲಕ್ಕಿಂತ ದಪ್ಪಗಿರುವ, ಇ (E) ಎಂಬ ತಂತಿ ಸುಮಾರು 41 ಹರ್ಟ್ಸ್. ಮೇಲಿನ ಮೂರು ತಂತಿಗಳು 55, 73, 98. ಐದು ತಂತಿಯ ಗಿಟಾರ್‌ನಲ್ಲಿ ಇನ್ನೂ ಕೆಳಗೆ ಒಂದು ಬಿ ತಂತಿ ಇರುತ್ತದೆ, ಅದು ಸುಮಾರು 31.

ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಹೆಚ್ಚುಕಡಿಮೆ 343 ಮೀಟರ್ ಓಡುತ್ತದೆ. ಅದನ್ನು 41ರಿಂದ ಭಾಗಿಸಿದರೆ ಎಂಟು ಮೀಟರಿಗಿಂತ ಜಾಸ್ತಿ ಬರುತ್ತದೆ. ಅಂದರೆ ಈ ತಂತಿಯ ಒಂದೇ ಒಂದು ಅಲೆಯ ಉದ್ದ ಎಂಟು ಮೀಟರ್. ನಮ್ಮ ಒಂದು ಬಿಎಚ್‌ಕೆ ಮನೆಯ ಹಾಲ್‌ಗಿಂತ ಉದ್ದ! ಇಷ್ಟು ದೊಡ್ಡ ಅಲೆಯನ್ನು ಸ್ಪೀಕರ್‌ನಲ್ಲಿ ಅಲುಗುವ ಒಂದಡಿ ಅಗಲದ ಕಾಗದದ ಕೋನ್‌ನಿಂದ ಎಬ್ಬಿಸಬೇಕು. ಕಷ್ಟವೆಲ್ಲ ಇರುವುದು ಇಲ್ಲೇ.

ಇದಕ್ಕೆ ಸಮಾಧಾನದ ವಿಷಯವೂ ಒಂದಿದೆ. ಈ ತಂತಿ ಮೀಟಿದಾಗ 41 ಮಾತ್ರ ಹುಟ್ಟುವುದಿಲ್ಲ, ಅದರ ದುಪ್ಪಟ್ಟು 82, ಮೂರು ಪಟ್ಟು 123, ಹೀಗೆ ಮೇಲಿನ ಸ್ವರಗಳೂ ಜೊತೆಗೆ ಹುಟ್ಟುತ್ತವೆ. ತಂಬೂರಿ ಮೀಟಿದಾಗ ಒಂದು ತಂತಿಯೊಳಗೆ ಹಲವು ಸ್ವರ ಕೇಳುತ್ತದಲ್ವಾ, ಅದೇ ಕಥೆ. ಬೇಸ್‌ನಲ್ಲಿ ಆ 82ರ ಸ್ವರವೇ ಎಷ್ಟೋ ಸಲ ಮೂಲಸ್ವರಕ್ಕಿಂತ ಜೋರಾಗಿರುತ್ತದೆ. ಮೇಲಿನವು ಸರಿಯಾಗಿ ಕೇಳಿದರೆ ನಮ್ಮ ಕಿವಿ, ಮೆದುಳು ಸೇರಿ ಕೆಳಗಿನದ್ದನ್ನು ತಾವೇ ತುಂಬಿಕೊಳ್ಳುತ್ತವೆ. ಆದ್ದರಿಂದ ಪೆಟ್ಟಿಗೆ 41ರವರೆಗೂ ಪೂರ್ತಿ ಬಲದಿಂದ ನುಡಿಯಲೇಬೇಕು ಎಂದಿಲ್ಲ. 1969ರಿಂದ ವೇದಿಕೆಗಳಲ್ಲಿ ನಿಂತಿರುವ ಆಂಪೆಗ್ ಕಂಪನಿಯ ಎಂಟು ಸ್ಪೀಕರ್‌ಗಳ ದೊಡ್ಡ ಪೆಟ್ಟಿಗೆಯನ್ನೇ ನೋಡಿ. ಅದರ ಈಗಿನ ಮಾದರಿಯ ಬಲ 58 ಹರ್ಟ್ಸ್‌ನಿಂದ ಕೆಳಗೆ ಇಳಿಯತೊಡಗುತ್ತದೆ. ಅದರ ತೂಕ ಸುಮಾರು 63 ಕಿಲೋ, ಇಬ್ಬರು ಎತ್ತಬೇಕು. ಅಷ್ಟಿದ್ದೂ ಅದರ ಬೇಸ್ ಕಡಿಮೆ ಅಂತ ಯಾರೂ ದೂರುವುದಿಲ್ಲ.

ಪೆಟ್ಟಿಗೆ ಯಾಕೆ ಬೇಕು?

ಬೀಸಣಿಗೆ ಬೀಸಿ ನೋಡಿ. ಮುಂದಕ್ಕೆ ತಳ್ಳಿದಾಗ ಮುಂದಿನ ಗಾಳಿ ಒತ್ತಿಕೊಳ್ಳುತ್ತದೆ, ಅದೇ ಹೊತ್ತಿಗೆ ಹಿಂದೆ ಗಾಳಿ ಕಡಿಮೆಯಾಗುತ್ತದೆ. ನಿಧಾನವಾಗಿ ಬೀಸಿದರೆ ಮುಂದಿನ ಗಾಳಿ ಅಂಚನ್ನು ಬಳಸಿಕೊಂಡು ಹಿಂದಕ್ಕೆ ಜಾರಿ ಹೋಗುತ್ತದೆ. ಸ್ಪೀಕರ್‌ನ ಕೋನ್ ಕೂಡ ಹಾಗೇ. ಅದು ಮುಂದೆ ಒತ್ತಿದಷ್ಟೇ ಹಿಂದೆ ಎಳೆಯುತ್ತದೆ. ಕೀಚಲು ಸ್ವರಗಳಿಗೆ ಬಳಸಿಕೊಂಡು ಹೋಗುವಷ್ಟು ಪುರುಸೊತ್ತು ಇರುವುದಿಲ್ಲ, ಬೇಸ್‌ಗೆ ಬೇಕಾದಷ್ಟು ಇರುತ್ತದೆ. ಮುಂದಿನ ಒತ್ತಡ, ಹಿಂದಿನ ಎಳೆತ ಎರಡೂ ಸೇರಿ ಒಂದನ್ನೊಂದು ಅಳಿಸಿಬಿಡುತ್ತವೆ. ಬರಿಯ ಸ್ಪೀಕರ್‌ಗೆ ವೈರ್ ಕೊಟ್ಟು ನುಡಿಸಿದರೆ ಹಳೇ ಟ್ರಾನ್ಸಿಸ್ಟರ್ ರೇಡಿಯೋದ ಹಾಗೆ ಕೇಳುವುದು ಇದಕ್ಕೇ.

ಪೆಟ್ಟಿಗೆಯ ಮೊದಲ ಕೆಲಸ ಮುಂದು ಹಿಂದನ್ನು ಬೇರೆ ಮಾಡುವುದು. ಎರಡನೇ ಕೆಲಸ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಒಳಗೆ ಸಿಕ್ಕಿಕೊಂಡ ಗಾಳಿ ಒಂದು ಸ್ಪ್ರಿಂಗ್. ಸೈಕಲ್ ಪಂಪಿನ ಬಾಯಿಗೆ ಬೆರಳು ಒತ್ತಿ ಹಿಡಿಕೆ ತಳ್ಳಿದರೆ ಅದು ವಾಪಸ್ ನೂಕುತ್ತದಲ್ವಾ, ಅದೇ ಸ್ಪ್ರಿಂಗ್. ಪೆಟ್ಟಿಗೆ ಚಿಕ್ಕದಾದಷ್ಟೂ ಸ್ಪ್ರಿಂಗ್ ಬಿಗಿ. ಬಿಗಿಯಾದಷ್ಟೂ ಕೋನ್ ಕೆಳಸ್ವರಕ್ಕೆ ಇಳಿಯಲು ಒಲ್ಲೆ ಎನ್ನುತ್ತದೆ. ಅಂದರೆ ಪೆಟ್ಟಿಗೆ ಎಂಬುದು ಸ್ಪೀಕರ್ ಇಡುವ ಡಬ್ಬ ಅಲ್ಲ. ವೀಣೆಗೆ ಕೊಡ ಹೇಗೋ ಸ್ಪೀಕರ್‌ಗೆ ಇದು ಹಾಗೆ, ಅರ್ಧ ವಾದ್ಯ.

ಮುಚ್ಚಿದ ಪೆಟ್ಟಿಗೆ, ಕೊಳವೆ ಪೆಟ್ಟಿಗೆ

ಪೂರ್ತಿ ಮುಚ್ಚಿದ ಪೆಟ್ಟಿಗೆ ಕಟ್ಟಲು ಸುಲಭ. ಅಳತೆ ಸ್ವಲ್ಪ ಆಚೀಚೆ ಆದರೂ ನಡೆಯುತ್ತದೆ. ಕೆಳಸ್ವರದಲ್ಲಿ ಬಲ ಮೆಲ್ಲಗೆ ಇಳಿಯುತ್ತದೆ. ಆದರೆ ಹಿಂದಿನ ಶಬ್ದವೆಲ್ಲ ಒಳಗೇ ವ್ಯರ್ಥ.

ಇನ್ನೊಂದು ಬಗೆಯಲ್ಲಿ ಪೆಟ್ಟಿಗೆಗೆ ಒಂದು ಕೊಳವೆ ಇಡುತ್ತಾರೆ, ಪೋರ್ಟ್ ಅನ್ನುತ್ತಾರೆ. ಖಾಲಿ ಬಾಟಲಿಯ ಬಾಯಿಗೆ ಅಡ್ಡಲಾಗಿ ಊದಿದರೆ ಹೂಂ ಅಂತ ಒಂದೇ ಸ್ವರ ಬರುತ್ತದೆ. ಕುತ್ತಿಗೆಯಲ್ಲಿರುವ ಗಾಳಿ ಒಂದು ತೂಕದ ಬೊಡ್ಡೆ, ಹೊಟ್ಟೆಯಲ್ಲಿರುವ ಗಾಳಿ ಸ್ಪ್ರಿಂಗ್. ಎರಡೂ ಸೇರಿ ತಮ್ಮದೇ ಲಯದಲ್ಲಿ ಓಲಾಡುತ್ತವೆ. ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 19ನೇ ಶತಮಾನದಲ್ಲಿ ಇದನ್ನು ವಿವರವಾಗಿ ಅಧ್ಯಯನ ಮಾಡಿದ, ಅವನ ಹೆಸರಲ್ಲೇ ಇದನ್ನು ಕರೆಯುತ್ತಾರೆ. ಪೆಟ್ಟಿಗೆಯ ಕೊಳವೆಯನ್ನು ಬೇಕಾದ ಸ್ವರಕ್ಕೆ, ಉದಾಹರಣೆಗೆ 50 ಹರ್ಟ್ಸ್‌ಗೆ ಶ್ರುತಿ ಮಾಡಿದರೆ, ಆ ಸ್ವರದ ಹತ್ತಿರ ಕೋನ್ ಹೆಚ್ಚುಕಡಿಮೆ ನಿಂತೇ ಬಿಡುತ್ತದೆ, ಶಬ್ದವನ್ನೆಲ್ಲ ಕೊಳವೆಯೇ ಕೊಡುತ್ತದೆ. ವ್ಯರ್ಥವಾಗುತ್ತಿದ್ದ ಹಿಂದಿನ ಶಬ್ದ ಕೆಲಸಕ್ಕೆ ಬಂತು. ಒಂದೇ ಸ್ಪೀಕರ್‌ನಿಂದ ಜಾಸ್ತಿ ಬೇಸ್ ತೆಗೆಯಬೇಕು, ತೂಕ ಏರಬಾರದು ಅನ್ನುವವರಿಗೆ ಕೊಳವೆ ಪೆಟ್ಟಿಗೆಯೇ ಸರಿ ಅಂತ ನನ್ನ ಅನಿಸಿಕೆ.

ಆದರೆ ಒಂದು ಅಪಾಯ ಇದೆ, ಇದನ್ನು ಹುಡುಗರಿಗೆ ಎರಡು ಸಲ ಹೇಳಿದೆ. ಶ್ರುತಿಗಿಂತ ತುಂಬ ಕೆಳಗಿನ ಸ್ವರ ನುಡಿಸಿದರೆ ಕೊಳವೆಯ ಬಾಯಿ ಬರಿಯ ತೂತಿನಂತೆ ಆಗಿಬಿಡುತ್ತದೆ. ಗಾಳಿಯ ಸ್ಪ್ರಿಂಗ್ ಮಾಯ. ಹಿಡಿತ ತಪ್ಪಿದ ಕೋನ್ ವಿಪರೀತ ಮುಂದೆ ಹಿಂದೆ ಹಾರಾಡಿ ಹರಿದುಹೋಗಬಹುದು. ಐದು ತಂತಿಯ ಗಿಟಾರ್ ಇದ್ದರೆ, ಅಥವಾ ಆಂಪ್ಲಿಫೈಯರ್‌ನಲ್ಲಿ ಬೇಸ್ ಗುಂಡಿಯನ್ನು ಪೂರ್ತಿ ತಿರುಗಿಸುವ ಅಭ್ಯಾಸ ಇದ್ದರೆ ಎಚ್ಚರ ಬೇಕು. ತೀರಾ ಕೆಳಗಿನ ಸ್ವರಗಳನ್ನು ಕತ್ತರಿಸುವ ಹೈ ಪಾಸ್ ಫಿಲ್ಟರ್ ಕೆಲವು ಆಂಪ್ಲಿಫೈಯರ್‌ಗಳಲ್ಲೇ ಇರುತ್ತದೆ. ಇದ್ದರೆ ಬಳಸಿ.

ಚಿಕ್ಕದು, ಜೋರು, ಆಳ: ಮೂರೂ ಒಟ್ಟಿಗೆ ಸಿಗುವುದಿಲ್ಲ

ಅಮೆರಿಕದ ಕೆಎಲ್‌ಎಚ್ ಸ್ಪೀಕರ್ ಕಂಪನಿಯ ಹೆಸರಿನಲ್ಲಿರುವ ಎಚ್ ಅಕ್ಷರ ಹಾಫ್‌ಮನ್ ಎಂಬ ಇಂಜಿನಿಯರ್‌ನದು. ಅವನ ಹೆಸರಲ್ಲಿ ಒಂದು ನಿಯಮ ಇದೆ. ಪೆಟ್ಟಿಗೆ ಚಿಕ್ಕದಿರಬೇಕು, ಕಡಿಮೆ ವಿದ್ಯುತ್ತಿಗೆ ಜೋರಾಗಿ ಕೇಳಬೇಕು, ತುಂಬಾ ಆಳದ ಬೇಸ್ ಬರಬೇಕು. ಈ ಮೂರರಲ್ಲಿ ಎರಡನ್ನು ಮಾತ್ರ ಆರಿಸಿಕೊಳ್ಳಬಹುದು, ಮೂರನೆಯದನ್ನು ಬಿಡಬೇಕು. ಎಷ್ಟು ದುಡ್ಡು ಸುರಿದರೂ ಇದರಿಂದ ತಪ್ಪಿಸಿಕೊಳ್ಳಲಾಗುವುದಿಲ್ಲ. ನಮಗೆ ಚಿಕ್ಕದೂ ಬೇಕು, ಜೋರೂ ಬೇಕು. ಹಾಗಾಗಿ ಆಳದಲ್ಲಿ ಸ್ವಲ್ಪ ಬಿಟ್ಟುಕೊಡುತ್ತೇವೆ. 41ರ ಬಗ್ಗೆ ಹೇಳಿದ್ದು ನೆನಪಿದೆಯಲ್ವಾ, ಬೇಸ್ ಗಿಟಾರ್‌ಗೆ ಈ ನಷ್ಟ ಅಷ್ಟಾಗಿ ತಟ್ಟುವುದಿಲ್ಲ.

ಸ್ಪೀಕರ್ ಆರಿಸುವುದು: ದುಡ್ಡು ಇಲ್ಲಿ ಹಾಕಿ

ಒಟ್ಟು ಖರ್ಚಿನಲ್ಲಿ ದೊಡ್ಡ ಪಾಲು ಸ್ಪೀಕರ್‌ನದೇ ಆಗುತ್ತದೆ, ಆಗಲಿ. ಮರ, ಅಂಟು, ಬಣ್ಣದಲ್ಲಿ ಉಳಿಸಬಹುದು, ಇಲ್ಲಿ ಉಳಿಸಲು ಹೋಗಬೇಡಿ.

ಎಲ್ಲರಿಗೂ ಮೊದಲು ಹೊಳೆಯುವುದು ಕಾರಿನ ಸಬ್‌ವೂಫರ್. ಹಳೆಯದು ಅಗ್ಗಕ್ಕೆ ಸಿಗುತ್ತದೆ, ನೋಡಲು ಗಟ್ಟಿ, ಬೇಸ್‌ಗೆಂದೇ ಮಾಡಿದ್ದು. ಆದರೂ ಬೇಡ. ಯಾಕೆ ಅಂತ ಲೆಕ್ಕ ಹಾಕೋಣ. ಸ್ಪೀಕರ್‌ಗೆ ಒಂದು ವ್ಯಾಟ್ ಕೊಟ್ಟು ಒಂದು ಮೀಟರ್ ದೂರದಲ್ಲಿ ಎಷ್ಟು ಜೋರು ಎಂದು ಅಳೆಯುವುದನ್ನು ಸೆನ್ಸಿಟಿವಿಟಿ ಅನ್ನುತ್ತಾರೆ. ಕಾರಿನ ಸಬ್‌ವೂಫರ್ 87 ಡೆಸಿಬಲ್ ಕೊಡುತ್ತದೆ, ವೇದಿಕೆಗೆ ಮಾಡಿದ 12 ಇಂಚಿನ ಸ್ಪೀಕರ್ 97 ಕೊಡುತ್ತದೆ ಎಂದುಕೊಳ್ಳಿ. ಬರೀ ಹತ್ತರ ವ್ಯತ್ಯಾಸ ಅನಿಸಬಹುದು. ಆದರೆ ಡೆಸಿಬಲ್ ಲೆಕ್ಕದಲ್ಲಿ ಮೂರು ಏರಿದರೆ ವಿದ್ಯುತ್ತು ಎರಡು ಪಟ್ಟು, ಹತ್ತು ಏರಿದರೆ ಹತ್ತು ಪಟ್ಟು. ಎರಡನೆಯದು 300 ವ್ಯಾಟ್‌ಗೆ ಕೊಡುವ ಶಬ್ದಕ್ಕೆ ಮೊದಲನೆಯದು 3000 ವ್ಯಾಟ್ ಕೇಳುತ್ತದೆ. ಅಷ್ಟು ಕೊಟ್ಟರೆ ಅದರ ಒಳಗಿನ ತಂತಿ ಸುರುಳಿ ಸುಟ್ಟೇ ಹೋಗುತ್ತದೆ. ಅದೂ ಅಲ್ಲದೆ ಸಬ್‌ವೂಫರ್‌ಗೆ ಮೇಲಿನ ಸ್ವರಗಳು ನೆಟ್ಟಗೆ ಬರುವುದಿಲ್ಲ, ಬೆರಳು ತಂತಿಗೆ ತಾಗುವ ಶಬ್ದ ಕೇಳುವುದೇ ಇಲ್ಲ. ಗುಂಯ್ ಅಂತ ಇರುತ್ತದೆ, ಯಾವ ಸ್ವರ ನುಡಿಸಿದಿರಿ ಎಂದು ಪಕ್ಕದಲ್ಲಿ ನಿಂತ ಗಾಯಕನಿಗೂ ತಿಳಿಯುವುದಿಲ್ಲ.

ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಬರೆದ ವ್ಯಾಟ್ ಅಂಕಿ ನೋಡಿ ಕೊಳ್ಳಬೇಡಿ. ವರ್ಷಗಳ ಹಿಂದೆ ಒಬ್ಬ ಅಂಗಡಿಯವರು 1000 ವ್ಯಾಟ್ ಎಂದು ಕೊಟ್ಟ ಸ್ಪೀಕರ್ ನನ್ನ ಹತ್ತಿರ ಮೂರನೇ ಕಾರ್ಯಕ್ರಮದಲ್ಲೇ ಸುಟ್ಟಿತು. ಅದು ಕ್ಷಣಮಾತ್ರ ತಡೆಯುವ ಅಂಕಿ ಆಗಿತ್ತು. ನೀವು ಕೇಳಬೇಕಾದದ್ದು ಆರ್‌ಎಂಎಸ್ ವ್ಯಾಟ್, ಅಂದರೆ ಎಡೆಬಿಡದೆ ತಡೆಯುವ ಅಂಕಿ.

ಅದಕ್ಕಿಂತಲೂ ಮುಖ್ಯವಾದ ಕೆಲವು ಅಂಕಿಗಳಿವೆ. ಆಸ್ಟ್ರೇಲಿಯಾದ ಇಂಜಿನಿಯರ್ ನೆವಿಲ್ ಥೀಲ್ 1961ರಲ್ಲಿ, ಆಮೇಲೆ 1970ರ ದಶಕದ ಮೊದಲಲ್ಲಿ ಸಿಡ್ನಿ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡಿದ ರಿಚರ್ಡ್ ಸ್ಮಾಲ್, ಇಬ್ಬರೂ ಸೇರಿ ಸ್ಪೀಕರ್‌ನ ಸ್ವಭಾವವನ್ನು ಅಂಕಿಗಳಲ್ಲಿ ಹೇಳುವ ದಾರಿ ತೋರಿಸಿದರು. ಅದಕ್ಕೂ ಮೊದಲು ಪೆಟ್ಟಿಗೆ ಕಟ್ಟುವುದು ಬಹುಪಾಲು ಅಂದಾಜಿನ ಕೆಲಸವಾಗಿತ್ತು. ಈಗ ನಾಲ್ಕು ಅಂಕಿ ಗೊತ್ತಿದ್ದರೆ ಮರ ಕೊಯ್ಯುವ ಮೊದಲೇ ಫಲ ತಿಳಿಯುತ್ತದೆ.

ಎಫ್‌ಎಸ್ ಎಂದರೆ ಕೋನ್ ತನ್ನಷ್ಟಕ್ಕೆ ಓಲಾಡುವ ಸ್ವರ. ರಬ್ಬರಿಗೆ ಕಟ್ಟಿದ ಕಲ್ಲನ್ನು ಎಳೆದು ಬಿಟ್ಟರೆ ಅದು ತನ್ನದೇ ಲಯದಲ್ಲಿ ಕುಣಿಯುತ್ತದಲ್ಲ, ಆ ಲಯ. ಕ್ಯೂಟಿಎಸ್ ಎಂದರೆ ಆ ಕುಣಿತಕ್ಕೆ ಎಷ್ಟು ಬೇಗ ಲಗಾಮು ಬೀಳುತ್ತದೆ ಎಂಬುದು. ಉಯ್ಯಾಲೆಯನ್ನು ಒಮ್ಮೆ ನೂಕಿದರೆ ಹತ್ತು ಸಲ ತೂಗುತ್ತದೋ, ಎರಡೇ ಸಲಕ್ಕೆ ನಿಲ್ಲುತ್ತದೋ? ಅಂಕಿ ಚಿಕ್ಕದಾದರೆ ಬೇಗ ನಿಲ್ಲುತ್ತದೆ, ಅಂದರೆ ಆಯಸ್ಕಾಂತಕ್ಕೆ ಒಳ್ಳೆಯ ಹಿಡಿತವಿದೆ. ಸ್ಥೂಲವಾಗಿ 0.4ಕ್ಕಿಂತ ಕೆಳಗಿದ್ದರೆ ಕೊಳವೆ ಪೆಟ್ಟಿಗೆಗೆ ಹೊಂದುತ್ತದೆ, ಮೇಲಿದ್ದರೆ ಮುಚ್ಚಿದ ಪೆಟ್ಟಿಗೆಗೆ. ವಿಎಎಸ್ ಎಂದರೆ ಸ್ಪೀಕರ್‌ನ ಸ್ಪ್ರಿಂಗ್‌ನಷ್ಟೇ ಬಿಗಿಯಾಗಿರುವ ಗಾಳಿ ಎಷ್ಟು ಲೀಟರ್ ಎಂಬುದು, ಪೆಟ್ಟಿಗೆಯ ಗಾತ್ರ ಇದರ ಮೇಲೆ ನಿಂತಿದೆ. ಕೊನೆಯದು ಎಕ್ಸ್‌ಮ್ಯಾಕ್ಸ್, ಕೋನ್ ಹಿಡಿತ ತಪ್ಪದೆ ಎಷ್ಟು ಮಿಲಿಮೀಟರ್ ಮುಂದೆ ಹಿಂದೆ ಹೋಗಬಲ್ಲದು ಎಂಬುದು. ಮುಚ್ಚಿದ ಪೆಟ್ಟಿಗೆಯಲ್ಲಿ ಅಷ್ಟೇ ಜೋರಿನಲ್ಲಿ ಒಂದು ಸ್ಥಾಯಿ ಕೆಳಗೆ ನುಡಿಸಿದರೆ ಕೋನ್ ನಾಲ್ಕು ಪಟ್ಟು ದೂರ ಓಡಬೇಕಾಗುತ್ತದೆ. ವ್ಯಾಟ್ ಇನ್ನೂ ಇದೆ ಅನ್ನುವಾಗಲೇ ಈ ದೂರ ಮುಗಿದುಹೋಗುವುದು ಬೇಸ್‌ನಲ್ಲಿ ಸಾಮಾನ್ಯ.

ಈ ಅಂಕಿಗಳು ಸ್ಪೀಕರ್ ಜೊತೆ ಬರುವ ಕಾಗದದಲ್ಲೋ ಕಂಪನಿಯ ಪುಟದಲ್ಲೋ ಇರಬೇಕು. ಇಲ್ಲದಿದ್ದರೆ ಆ ಸ್ಪೀಕರ್ ಕೊಳ್ಳಬೇಡಿ. ಇದ್ದರೆ ವಿನ್‌ಐಎಸ್‌ಡಿ ಎಂಬ ಉಚಿತ ಸಾಫ್ಟ್‌ವೇರ್‌ಗೆ ತುಂಬಿ. ಪೆಟ್ಟಿಗೆಯ ಲೀಟರ್, ಕೊಳವೆಯ ಶ್ರುತಿ ಬದಲಾಯಿಸಿದ ಹಾಗೆ ಬೇಸ್ ಹೇಗೆ ಏರಿಳಿಯುತ್ತದೆ, ಎಷ್ಟು ವ್ಯಾಟ್‌ಗೆ ಕೋನ್ ಮಿತಿ ಮುಟ್ಟುತ್ತದೆ ಎಂದು ಗೆರೆ ಎಳೆದು ತೋರಿಸುತ್ತದೆ. ಒಂದು ಸಂಜೆ ಇದರ ಮುಂದೆ ಕೂತರೆ ಒಂದು ಪ್ಲೈವುಡ್ ಹಾಳೆ ಉಳಿಯುತ್ತದೆ.

ತೂಕ ಎಲ್ಲಿ ಕೂತಿದೆ?

ಎರಡೇ ಕಡೆ. ಆಯಸ್ಕಾಂತದಲ್ಲಿ ಮತ್ತು ಮರದಲ್ಲಿ.

ಸಾಮಾನ್ಯ ಸ್ಪೀಕರ್‌ನ ಹಿಂದೆ ಕಪ್ಪು ಬಿಲ್ಲೆಯಂತೆ ಇರುವುದು ಫೆರೈಟ್ ಆಯಸ್ಕಾಂತ. ಅಗ್ಗ, ಆದರೆ ಭಾರ. 1980ರ ದಶಕದಲ್ಲಿ ಬಂದ ನಿಯೋಡಿಮಿಯಮ್ ಆಯಸ್ಕಾಂತ ಅದೇ ಬಲವನ್ನು ತುಂಬ ಚಿಕ್ಕ ತುಂಡಿನಲ್ಲಿ ಕೊಡುತ್ತದೆ. 12 ಇಂಚಿನ ಫೆರೈಟ್ ಸ್ಪೀಕರ್ ಐದು ಕಿಲೋ ಹತ್ತಿರ ಇದ್ದರೆ, ನಿಯೋಡಿಮಿಯಮ್ಮಿನದು ಅದರ ಅರ್ಧಕ್ಕೆ ಬರುತ್ತದೆ. ಬೆಲೆ ಜಾಸ್ತಿ. ಬಜೆಟ್ ಬಿಗಿಯಿದ್ದರೆ ಒಳ್ಳೆಯ ಅಂಕಿಗಳಿರುವ ಫೆರೈಟ್ ಸ್ಪೀಕರ್ ಕೊಳ್ಳಿ, ಎರಡೂವರೆ ಕಿಲೋ ಒಪ್ಪಿಕೊಳ್ಳಿ. ಯಾಕೆಂದರೆ ಇದಕ್ಕಿಂತ ದೊಡ್ಡ ಉಳಿತಾಯ ಮರದಲ್ಲಿದೆ, ಅದೂ ಹೆಚ್ಚು ಖರ್ಚಿಲ್ಲದೆ.

ಸ್ಪೀಕರ್ ಪೆಟ್ಟಿಗೆ ಅಂದರೆ ದಪ್ಪ ಎಂಡಿಎಫ್ (ಮರದ ನಾರಿಗೆ ಅಂಟು ಹಾಕಿ ಒತ್ತಿ ಮಾಡಿದ ಹಲಗೆ) ಎಂದೇ ಬಡಗಿಗಳು ಹೇಳುತ್ತಾರೆ. ಮನೆಯಲ್ಲಿ ಒಂದೇ ಕಡೆ ಇಡುವ ಪೆಟ್ಟಿಗೆಗೆ ಅದು ಸರಿ. ಹೊತ್ತು ತಿರುಗುವುದಕ್ಕೆ ಅಲ್ಲ. ಎಂಡಿಎಫ್ ಒಂದು ಘನ ಮೀಟರ್‌ಗೆ 700 ಕಿಲೋ ಮೇಲೆ ತೂಗುತ್ತದೆ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಗಟ್ಟಿ ಮರದ ಪ್ಲೈವುಡ್ ಕೂಡ ಅದಕ್ಕೆ ಹತ್ತಿರವೇ. ಪಾಪ್ಲರ್ ಮರದ ಪ್ಲೈವುಡ್ ಸುಮಾರು 450. ಹರಿಯಾಣದ ಯಮುನಾನಗರದ ಕಡೆ ಪಾಪ್ಲರ್ ಬೆಳೆದು ಪ್ಲೈವುಡ್ ಮಾಡುವುದು ದೊಡ್ಡ ಉದ್ಯಮ, ಹಾಗಾಗಿ ಇದು ವಿದೇಶದಿಂದ ತರಿಸುವ ವಸ್ತು ಅಲ್ಲ. ಅಂಗಡಿಯಲ್ಲಿ ಪಾಪ್ಲರ್ ಅಂತ ಹೆಸರು ಹಿಡಿದು ಕೇಳಿ. ಒಂದೇ ದಪ್ಪದ ಎರಡು ಹಾಳೆಗಳ ಮೂಲೆ ಎತ್ತಿ ನೋಡಿದರೆ ಕೈಗೇ ಗೊತ್ತಾಗುತ್ತದೆ.

ದಪ್ಪ ಕಡಿಮೆ ಮಾಡಿ, ಒಳಗೆ ಆಸರೆ ಕೊಡಿ

ಹಗುರ ಮಾಡಲು 18 ಮಿಲಿಮೀಟರ್ ಬದಲು 12 ಹಾಕಿದರೆ ಪೆಟ್ಟಿಗೆ ನಡುಗುವುದಿಲ್ಲವೇ? ನಡುಗುತ್ತದೆ. ಹಲಗೆಯ ಬಿಗುವು ದಪ್ಪದ ಘನದ ಲೆಕ್ಕದಲ್ಲಿ ಏರುತ್ತದೆ. ದಪ್ಪ ಒಂದೂವರೆ ಪಟ್ಟಾದರೆ ಬಿಗುವು ಮೂರು ಪಟ್ಟಿಗಿಂತ ಜಾಸ್ತಿ. ಹಲಗೆ ನಡುಗಿದರೆ ಅದು ತನ್ನದೇ ಸ್ವರವನ್ನು ಸೇರಿಸುತ್ತದೆ, ಕೋನ್ ಎಬ್ಬಿಸಿದ ಬಲವನ್ನೂ ತಿನ್ನುತ್ತದೆ.

ಆದರೆ ಬಿಗುವು ಬರುವುದು ದಪ್ಪದಿಂದ ಮಾತ್ರ ಅಲ್ಲ, ಆಸರೆಗಳ ನಡುವಿನ ದೂರದಿಂದಲೂ. ಊರಿನ ಹಂಚಿನ ಮನೆಯ ಅಟ್ಟ ನೆನಪಿಸಿಕೊಳ್ಳಿ. ಹಲಗೆ ತೆಳುವಾಗಿಯೇ ಇರುತ್ತದೆ, ಕೆಳಗೆ ತೊಲೆಗಳು ಹತ್ತಿರ ಹತ್ತಿರ ಇರುತ್ತವೆ, ಹಾಗಾಗಿ ತೆಂಗಿನಕಾಯಿ ರಾಶಿ ಹಾಕಿದರೂ ಬಾಗುವುದಿಲ್ಲ. ಉದ್ದನೆಯ ಪಟ್ಟಿಯ ನಡುವೆ ಒಂದು ಆಸರೆ ಕೊಟ್ಟು ಅದನ್ನು ಎರಡು ಭಾಗ ಮಾಡಿದರೆ ಅದು ನಡುಗುವ ಸ್ವರ ಸುಮಾರು ನಾಲ್ಕು ಪಟ್ಟು ಮೇಲೇರುತ್ತದೆ. ಅಲ್ಲಿ ಬೇಸ್‌ನ ಬಲ ಕಡಿಮೆ, ಒಳಗೆ ಅಂಟಿಸುವ ಹತ್ತಿಯೇ ಆ ಶಬ್ದವನ್ನು ನುಂಗುತ್ತದೆ. ಆದ್ದರಿಂದ ಒಳಗೆ ಎಡ ಗೋಡೆಯಿಂದ ಬಲ ಗೋಡೆಗೆ ಒಂದು, ಮುಂದಿನಿಂದ ಹಿಂದಕ್ಕೆ ಒಂದು ಅಡ್ಡಪಟ್ಟಿ ಕೊಡಿ, ಎರಡೂ ಕೂಡುವ ಕಡೆ ಅಂಟಿಸಿ. ಸರಿಯಾಗಿ ನಡುವೆ ಇಡಬೇಡಿ, ಸ್ವಲ್ಪ ಪಕ್ಕಕ್ಕೆ ಸರಿಸಿ, ಇಲ್ಲವಾದರೆ ಎರಡೂ ಅರ್ಧ ಒಂದೇ ಸ್ವರದಲ್ಲಿ ನಡುಗುತ್ತವೆ. ಈ ಪಟ್ಟಿಗಳ ತೂಕ ಎಲ್ಲ ಸೇರಿ ಒಂದು ಕಿಲೋ ಒಳಗೆ.

ಒಂದು ಲೆಕ್ಕ, ಅಳತೆ ಸಮೇತ

12 ಇಂಚಿನ ಒಂದು ಸ್ಪೀಕರ್, ಕೊಳವೆ ಪೆಟ್ಟಿಗೆ, 60 ಲೀಟರ್, 50 ಹರ್ಟ್ಸ್ ಶ್ರುತಿ ಎಂದುಕೊಳ್ಳೋಣ. ಇದು ಉದಾಹರಣೆ. ನಿಮ್ಮ ಸ್ಪೀಕರ್‌ನ ಅಂಕಿ ಬೇರೆ ಹೇಳಿದರೆ ಅದನ್ನೇ ಕೇಳಿ.

ಸ್ಪೀಕರ್, ಕೊಳವೆ, ಅಡ್ಡಪಟ್ಟಿ ಸೇರಿ ಒಳಗೆ ಹತ್ತು ಲೀಟರ್ ತಿನ್ನುತ್ತವೆ, ಹಾಗಾಗಿ ಒಳಗಿನ ಒಟ್ಟು ಜಾಗ 70 ಲೀಟರ್ ಬೇಕು. ಒಳ ಅಳತೆ 52 ಸೆಂಟಿಮೀಟರ್ ಎತ್ತರ, 40 ಅಗಲ, 34 ಆಳ. ಮೂರನ್ನೂ ಗುಣಿಸಿ ಸಾವಿರದಿಂದ ಭಾಗಿಸಿದರೆ 70.7 ಲೀಟರ್. 12 ಮಿಲಿಮೀಟರ್ ಹಾಳೆಯಲ್ಲಿ ಪಕ್ಕದ ಎರಡು ಹಲಗೆ 54.4ಕ್ಕೆ 36.4, ಮೇಲೆ ಕೆಳಗೆ ಎರಡು 40ಕ್ಕೆ 36.4, ಅವುಗಳ ಒಳಗೆ ಕೂರುವ ಮುಂದು ಹಿಂದು ಎರಡು 52ಕ್ಕೆ 40. ಕಾಗದದ ಮೇಲೆ ಚಿತ್ರ ಬರೆದು ನೋಡಿ, ಈ ಆರೂ ನಾಲ್ಕಡಿ ನಾಲ್ಕಡಿ ತುಂಡಿನಲ್ಲಿ, ಅಂದರೆ ಎಂಟಡಿ ಹಾಳೆಯ ಅರ್ಧದಲ್ಲಿ ಕೂರುತ್ತವೆ. ಒಂದು ಸಾಲಿನಲ್ಲಿ ಪಕ್ಕದ ಎರಡು ಹಾಗೂ ಮುಂದಿನದು, ಇನ್ನೊಂದು ಸಾಲಿನಲ್ಲಿ ಉಳಿದ ಮೂರು. ಕೆಳಗೆ ಉಳಿಯುವ ಪಟ್ಟಿ ಅಡ್ಡಪಟ್ಟಿಗಳಿಗೆ ಸಾಕು. ಇಬ್ಬರು ಸೇರಿ ಒಂದು ಹಾಳೆ ಕೊಂಡರೆ ಎರಡು ಪೆಟ್ಟಿಗೆ. ನಮ್ಮ ಬಿಲ್ಡಿಂಗ್‌ನ ಹುಡುಗರೂ ಹಾಗೇ ಮಾಡುತ್ತಿದ್ದಾರೆ.

ಕೊಳವೆಗೆ ಪ್ಲಂಬಿಂಗ್‌ನ 110 ಮಿಲಿಮೀಟರ್ ಪಿವಿಸಿ ಪೈಪ್ ಸಾಕು, ಒಳವ್ಯಾಸ ಸುಮಾರು 104. ಒಂದೇ ಪೈಪ್ ಹಾಕಿದರೆ ಈ ಶ್ರುತಿಗೆ ಉದ್ದ 9 ಸೆಂಟಿಮೀಟರ್ ಬರುತ್ತದೆ, ಎರಡು ಹಾಕಿದರೆ ಒಂದೊಂದೂ 26. ಎರಡು ಹಾಕಿ. ಬೇಸ್ ಜೋರಾದಾಗ ಒಂದೇ ಪೈಪಿನಲ್ಲಿ ಗಾಳಿ ವೇಗವಾಗಿ ನುಗ್ಗಿ ಬುಸ್ ಬುಸ್ ಅನ್ನುತ್ತದೆ, ಬಾಯಿ ದೊಡ್ಡದಾದಷ್ಟೂ ಆ ಕಾಟ ಕಡಿಮೆ. ಮುಂದಿನ ಹಲಗೆಯಲ್ಲಿ ಮೇಲೆ ಸ್ಪೀಕರ್, ಕೆಳಗೆ ಅಕ್ಕಪಕ್ಕ ಎರಡು ಪೈಪ್, ಜಾಗ ಸರಿಯಾಗಿ ಹೊಂದುತ್ತದೆ. ಹಿಂದೆ ಪೈಪಿನ ಬಾಯಿಗೂ ಹಲಗೆಗೂ ನಡುವೆ 8 ಸೆಂಟಿಮೀಟರ್ ಖಾಲಿ ಉಳಿಯುತ್ತದೆ. ಅಲ್ಲಿ ಹತ್ತಿ ತುರುಕಬೇಡಿ.

ತೂಕ ನೋಡಿ. ಪಾಪ್ಲರ್ ಹಲಗೆಗಳು ಸುಮಾರು 6 ಕಿಲೋ, ಅಡ್ಡಪಟ್ಟಿ 1, ನಿಯೋಡಿಮಿಯಮ್ ಸ್ಪೀಕರ್ ಎರಡೂವರೆ, ಪೈಪ್, ಹಿಡಿಕೆ, ಬಣ್ಣ ಒಂದೂವರೆ. ಒಟ್ಟು 11 ಕಿಲೋ. ಅದೇ ಒಳ ಅಳತೆಯನ್ನು 18 ಮಿಲಿಮೀಟರ್ ಎಂಡಿಎಫ್‌ನಲ್ಲಿ ಕಟ್ಟಿದರೆ ಮರವೇ 15 ಕಿಲೋ, ಫೆರೈಟ್ ಸ್ಪೀಕರ್ ಸೇರಿ 21 ದಾಟುತ್ತದೆ. ಒಂದೇ ಕೈಯಲ್ಲಿ ಹಿಡಿದು ಸ್ಟೇಷನ್ ಸೇತುವೆ ಹತ್ತುವುದಕ್ಕೂ, ಎರಡು ಕೈ ಹಾಕಿ ಮೆಟ್ಟಿಲಿಗೊಮ್ಮೆ ನಿಲ್ಲುವುದಕ್ಕೂ ಇರುವ ವ್ಯತ್ಯಾಸ ಇದೇ.

ಕಟ್ಟುವಾಗ

ನೇರ ಕೊಯ್ತವನ್ನು ಪ್ಲೈವುಡ್ ಅಂಗಡಿಯಲ್ಲೋ ಹತ್ತಿರದ ಸುತಾರನ (ಬಡಗಿಯ) ಯಂತ್ರದಲ್ಲೋ ಮಾಡಿಸಿ. ಅಂಚು ನೇರ ಇದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಕೊಳ್ಳುವಾಗ ಹಾಳೆಯ ಅಂಚು ನೋಡಿ. ಪದರಗಳ ನಡುವೆ ಪೊಳ್ಳು ಕಂಡರೆ ಬೇಡ, ಮುಂದೆ ಅಲ್ಲೇ ಜಿರ್ ಅನ್ನುತ್ತದೆ. ಸ್ಪೀಕರ್ ತೂತನ್ನು ಜಿಗ್‌ಸಾದಿಂದ ನೀವೇ ಕೊಯ್ಯಬಹುದು.

ಕೂಡಿಸುವುದಕ್ಕೆ ಬಿಳಿ ಫೆವಿಕಾಲ್ ಸಾಕು. ಅಂಟು ಒಣಗಿದ ಮೇಲೆ ಬಲ ಅದರದೇ, ಸ್ಕ್ರೂ ಇರುವುದು ಒಣಗುವವರೆಗೆ ಹಿಡಿದುಕೊಳ್ಳಲು. ಪಾಪ್ಲರ್ ಮೆತ್ತಗಿನ ಮರ, ಸ್ಕ್ರೂ ಬಿಗಿ ಮಾಡುತ್ತಾ ಹೋದರೆ ಒಳಗೇ ಕಿತ್ತುಬರುತ್ತದೆ. ಅದಕ್ಕೇ ಸ್ಪೀಕರ್ ಕೂರಿಸಲು ಮರದ ಸ್ಕ್ರೂ ಬೇಡ, ಹಿಂದಿನಿಂದ ಟೀ ನಟ್ (ಹಲ್ಲುಗಳಿಂದ ಮರಕ್ಕೆ ಕಚ್ಚಿಕೊಳ್ಳುವ ನಟ್) ಬಡಿದು ಬೋಲ್ಟ್ ಹಾಕಿ. ಸ್ಪೀಕರ್‌ನ ಅಂಚಿಗೂ ಮರಕ್ಕೂ ನಡುವೆ ಕಿಟಕಿಗೆ ಅಂಟಿಸುವ ಫೋಮ್ ಟೇಪ್ ಇಡಿ.

ನಮ್ಮ ಮಳೆಗಾಲವನ್ನು ಮರೆಯುವ ಹಾಗಿಲ್ಲ. ಅಗ್ಗದ ಪಾಪ್ಲರ್ ಹಾಳೆಗಳು ಬಹುಪಾಲು ಎಂಆರ್ ದರ್ಜೆ. ಅದು ತೇವ ತಡೆಯುತ್ತದೆ, ನೀರು ತಡೆಯುವುದಿಲ್ಲ. ನೀರು ತಡೆಯುವ ಬಿಡಬ್ಲ್ಯುಪಿ ದರ್ಜೆ ಹೆಚ್ಚಾಗಿ ಗಟ್ಟಿ ಮರದ್ದು, ಭಾರ. ಆದ್ದರಿಂದ ಎಂಆರ್ ಹಾಳೆಯನ್ನೇ ತಂದು, ಕೊಯ್ದ ಅಂಚುಗಳಿಗೆ ನೀರು ಬೆರೆಸಿದ ಫೆವಿಕಾಲ್ ಕುಡಿಸಿ, ಒಣಗಿದ ಮೇಲೆ ಒಳಗೂ ಹೊರಗೂ ಎರಡು ಮೂರು ಕೈ ಬಣ್ಣ ಹೊಡೆಯಿರಿ. ಕಾರ್ಪೆಟ್, ಕಬ್ಬಿಣದ ಜಾಲರಿ ಬಿಟ್ಟುಬಿಡಿ, ಎರಡೂ ಭಾರ, ಕಾರ್ಪೆಟ್ ಅಂತೂ ಜುಲೈಯಲ್ಲಿ ವಾಸನೆ ಹಿಡಿಯುತ್ತದೆ. ಮೂಲೆಗಳಿಗೆ ಪ್ಲಾಸ್ಟಿಕ್ ಕವಚ ಹಾಕಿ, ಪಾಪ್ಲರ್ ಮೂಲೆ ಬೇಗ ಜಜ್ಜಿಹೋಗುತ್ತದೆ. ಒಳಗೋಡೆಗೆ ದಿಂಬಿಗೆ ತುಂಬುವ ಪಾಲಿಯೆಸ್ಟರ್ ಹತ್ತಿಯನ್ನು ಒಂದಿಂಚು ದಪ್ಪ ಅಂಟಿಸಿದರೆ ಸಾಕು.

ವೈರ್, ಓಮ್, ಆಂಪ್ಲಿಫೈಯರ್

ಓಮ್ ಎಂದರೆ ವಿದ್ಯುತ್ತಿಗೆ ಸ್ಪೀಕರ್ ಒಡ್ಡುವ ತಡೆ. ನಲ್ಲಿಯ ಹಾಗೆ, ತಡೆ ಕಡಿಮೆಯಾದರೆ ಹರಿವು ಜಾಸ್ತಿ. 8 ಓಮಿನ ಎರಡು ಪೆಟ್ಟಿಗೆಗಳ ವೈರನ್ನು ಒಂದೇ ಆಂಪ್ಲಿಫೈಯರ್‌ಗೆ ಅಕ್ಕಪಕ್ಕ (ಪ್ಯಾರಲೆಲ್) ಜೋಡಿಸಿದರೆ ಎರಡು ನಲ್ಲಿ ಬಿಟ್ಟ ಹಾಗೆ, ಒಟ್ಟು 4 ಓಮ್. ಆಂಪ್ಲಿಫೈಯರ್ ಹಿಂದೆ ಕನಿಷ್ಠ 4 ಓಮ್ ಎಂದು ಬರೆದಿದ್ದರೆ ಅಲ್ಲಿಗೇ ನಿಲ್ಲಬೇಕು. ಹಾಗಾಗಿ ಮೊದಲ ಪೆಟ್ಟಿಗೆಗೆ 8 ಓಮಿನ ಸ್ಪೀಕರ್ ತನ್ನಿ. ಮುಂದೆ ದೊಡ್ಡ ಜಾಗಕ್ಕೆ ಗೆಳೆಯನ ಪೆಟ್ಟಿಗೆಯನ್ನೂ ಸೇರಿಸಬಹುದು. ಒಂದು ದೊಡ್ಡದಕ್ಕಿಂತ ಎರಡು ಚಿಕ್ಕದು ಒಳ್ಳೆಯದು, ಎರಡು ಕೈಗೆ ಎರಡು.

ಹಿಂದೆ ಸ್ಪೀಕಾನ್ ಸಾಕೆಟ್ ಹಾಕಿ, ತಿರುಗಿಸಿ ಕೂರಿಸುವಂಥದ್ದು. ಮುಂಬೈಯ ಎಲೆಕ್ಟ್ರಾನಿಕ್ಸ್ ಬಜಾರಾದ ಲ್ಯಾಮಿಂಗ್ಟನ್ ರೋಡಿನಲ್ಲಿ ಸಾಕೆಟ್, ವೈರ್, ಟರ್ಮಿನಲ್ ಎಲ್ಲ ಒಂದೇ ಓಡಾಟದಲ್ಲಿ ಸಿಗುತ್ತವೆ. ಒಳಗೆ 1.5 ಚದರ ಮಿಲಿಮೀಟರ್ ತಾಮ್ರದ ವೈರ್ ಬಳಸಿ. ಗಿಟಾರ್ ಕೇಬಲ್‌ನಿಂದ ಆಂಪ್ಲಿಫೈಯರನ್ನೂ ಪೆಟ್ಟಿಗೆಯನ್ನೂ ಜೋಡಿಸಬೇಡಿ, ಅದರೊಳಗಿನ ತಂತಿ ಕೂದಲಿನಷ್ಟು ತೆಳು, ಬಿಸಿಯಾಗುತ್ತದೆ. ಪ್ಲಸ್ ಮೈನಸ್ ಸರಿಯಿದೆಯೇ ನೋಡಲು ಒಂದೂವರೆ ವೋಲ್ಟಿನ ಗಡಿಯಾರದ ಸೆಲ್ ಸಾಕು. ಸೆಲ್ಲಿನ ಪ್ಲಸ್ಸನ್ನು ಸ್ಪೀಕರ್‌ನ ಪ್ಲಸ್ಸಿಗೆ ಕ್ಷಣಮಾತ್ರ ತಾಗಿಸಿ, ಕೋನ್ ಮುಂದಕ್ಕೆ ಬಂದರೆ ಸರಿ. ಎರಡು ಪೆಟ್ಟಿಗೆಗಳಲ್ಲಿ ಒಂದು ತಿರುವುಮುರುವಾದರೆ ಬೀಸಣಿಗೆಯ ಕಥೆ ಮತ್ತೆ, ಒಂದರ ಬೇಸನ್ನು ಇನ್ನೊಂದು ಅಳಿಸುತ್ತದೆ.

ಮೊದಲ ಸಲ ನುಡಿಸುವಾಗ

ಗಾಳಿ ಸೋರಿದರೆ ಇಲ್ಲಿಯವರೆಗಿನ ಲೆಕ್ಕವೆಲ್ಲ ಸುಳ್ಳಾಗುತ್ತದೆ. ಫೋನಿನಿಂದ 50 ಹರ್ಟ್ಸ್ ಸ್ವರವನ್ನು ಆಂಪ್ಲಿಫೈಯರ್‌ಗೆ ಕೊಟ್ಟು ಮೆಲ್ಲಗೆ ನುಡಿಸಿ, ಒಂದು ಊದುಬತ್ತಿ ಹಚ್ಚಿ ಎಲ್ಲ ಮೂಲೆ, ಕೂಡು, ಸಾಕೆಟ್ ಸುತ್ತ ಹಿಡಿಯುತ್ತಾ ಹೋಗಿ. ಹತ್ತಿಯನ್ನು, ಕೋನ್ ಕಾಗದವನ್ನು ಕೆಂಡದಿಂದ ದೂರ ಇಡಿ. ಹೊಗೆ ನೇರ ಏರಿದರೆ ಸರಿ. ನಡುಗಿ ಚದುರಿದರೆ ಅಲ್ಲಿ ಸಂದು ಇದೆ, ಮರದ ಪುಡಿಗೆ ಫೆವಿಕಾಲ್ ಕಲಸಿ ಮೆತ್ತಿ. ಪೈಪಿನ ಬಾಯಲ್ಲಿ ಹೊಗೆ ಜೋರಾಗಿ ಕುಣಿಯಬೇಕು, ಅದು ಕೊಳವೆ ಕೆಲಸ ಮಾಡುತ್ತಿರುವ ಗುರುತು.

ಪೆಟ್ಟಿಗೆಯನ್ನು ಗೋಡೆಗೆ ಹತ್ತಿರ ಇಟ್ಟರೆ ಬೇಸ್ ಏರುತ್ತದೆ, ಮೂಲೆಗೆ ಇಟ್ಟರೆ ಇನ್ನೂ ಏರುತ್ತದೆ. ಚಿಕ್ಕ ಸಭಾಗೃಹದಲ್ಲಿ ಇದು ಉಚಿತ ಬಲ, ಮನೆಯಲ್ಲಿ ಪಕ್ಕದವರಿಗೆ ತೊಂದರೆ. ಅಭ್ಯಾಸ ಮಾಡುವಾಗ ಕೆಳಗೆ ದಪ್ಪ ಫೋಮ್ ಇಟ್ಟು ಗೋಡೆಯಿಂದ ದೂರ ಸರಿಸಿ. ಹೊರಗಿನ ಕಾರ್ಯಕ್ರಮಗಳಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ ಎಂದು 2000ದ ಶಬ್ದ ಮಾಲಿನ್ಯ ನಿಯಮ ಹೇಳುತ್ತದೆ. ಹಬ್ಬಗಳಿಗೆಂದು ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿಯವರೆಗೆ ಸಡಿಲಿಸುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. ಆ ದಿನಗಳು ಯಾವುವು ಎಂದು ಕಾರ್ಯಕ್ರಮ ನಡೆಸುವ ಮಂಡಳಿಯವರ ಹತ್ತಿರ ಮೊದಲೇ ಕೇಳಿಕೊಳ್ಳಿ.

ಆಮೇಲೆ ಗಿಟಾರ್ ಹಾಕಿ. ದಪ್ಪನೆಯ ಇ (E) ತಂತಿಯಿಂದ ಶುರು ಮಾಡಿ ಒಂದೊಂದೇ ಮೆಟ್ಟು ಮೇಲೇರುತ್ತಾ ನುಡಿಸಿ, ಗೆಳೆಯನೊಬ್ಬ ಅಂಗೈಯನ್ನು ಪಕ್ಕ, ಹಿಂದು, ಮೇಲಿನ ಹಲಗೆಗಳ ಮೇಲೆ ಇಟ್ಟುಕೊಂಡಿರಲಿ. ಎಲ್ಲೋ ಒಂದು ಸ್ವರಕ್ಕೆ ಒಂದು ಹಲಗೆ ಕೈಗೆ ಜುಮ್ ಅನ್ನುತ್ತದೆ. ಅಲ್ಲಿ ಪೆನ್ಸಿಲಿನಿಂದ ಗುರುತು ಹಾಕಿ, ಸ್ಪೀಕರ್ ಬಿಚ್ಚಿ, ಉಳಿದ ಚೂರಿನಿಂದ ಇನ್ನೊಂದು ಪಟ್ಟಿ ಕೊಯ್ದು ಒಳಗಿನಿಂದ ಅದೇ ಜಾಗಕ್ಕೆ ಅಂಟಿಸಿ.